ತಹಶೀಲ್ದಾರರ ಮುಖಾಂತರ: ಜಾಗತಿಕ ಆರ್ಥಿಕ ನ್ಯಾಯದ ಪ್ರಚಾರಮಾರ್ಗ ಕುರಿತು ಒಂದು ಪ್ರೌಢ ಜಿಜ್ಞಾಸೆ

ಜಗತ್ತಿನ ಆರ್ಥಿಕ ಅನ್ಯಾಯಗಳೆಲ್ಲ ಕೊನೆಗೆ ಬಂದು ಸೇರುವುದು ಶಿರಹಟ್ಟಿಯ ತಹಶೀಲ್ದಾರ್ ಕಚೇರಿಗೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ವಿಶ್ವ ವ್ಯಾಪಾರ ಸಂಸ್ಥೆ 1995ರ ಜನವರಿ 1ರಂದು ಜಿನೀವಾದಲ್ಲಿ ಹುಟ್ಟಿತೆಂದು ಪಂಡಿತರು ಬರೆದಿಟ್ಟಿದ್ದಾರೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ವಿರುದ್ಧದ ಕೂಗು ಯಾವ ದಾರಿ ಹಿಡಿದು ಜಿನೀವಾಕ್ಕೆ ಹೋಗಬೇಕು ಎಂಬುದನ್ನು ಯಾರೂ ಶೋಧಿಸಿಲ್ಲ. ಗದಗ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಒಂದೇ ಉತ್ತರವಿದೆ. ಗೊಬ್ಬರದ ಬೆಲೆ ಏರಲಿ, ಮೆಣಸಿನಕಾಯಿ ಬೆಲೆ ಇಳಿಯಲಿ, ಅಮೆರಿಕ ಯಾವ ದೇಶದ ಮೇಲಾದರೂ ಸುಂಕ ಹಾಕಲಿ, ಒಕ್ಕಣೆಯ ಮೊದಲ ಸಾಲು ಬದಲಾಗುವುದಿಲ್ಲ: ಮಾನ್ಯ ಪ್ರಧಾನಮಂತ್ರಿಗಳಿಗೆ, ಮಾನ್ಯ ತಹಶೀಲ್ದಾರರ ಮುಖಾಂತರ.

ಈ ಮಾರ್ಗದ ವಿಧಿವಿಧಾನಗಳು ಆಗಮಶಾಸ್ತ್ರದಷ್ಟೇ ಕಟ್ಟುನಿಟ್ಟು. ಮೆರವಣಿಗೆ ಮುಗಿದು ಕಚೇರಿ ಮೆಟ್ಟಿಲ ಬಳಿ ಬಂದಾಗ ಸಾಹೇಬರು ಜಿಲ್ಲಾ ಮೀಟಿಂಗಿಗೆ ಹೋಗಿರುತ್ತಾರೆ. ಶಿರಸ್ತೇದಾರರು ಹೊರಬರುತ್ತಾರೆ. ಮನವಿಯ ಹಾಳೆಗೆ ನಾಲ್ಕೇ ಮೂಲೆ, ಹಿಡಿಯುವ ಕೈಗಳು ಹನ್ನೆರಡು. ಕೊಡುವವರಾಗಲಿ ತೆಗೆದುಕೊಳ್ಳುವವರಾಗಲಿ ಹಾಳೆಯ ಕಡೆ ನೋಡುವ ಪದ್ಧತಿಯಿಲ್ಲ, ಎಲ್ಲರ ದೃಷ್ಟಿಯೂ ಕ್ಯಾಮೆರಾದ ಮೇಲೆ ನೆಟ್ಟಿರಬೇಕು. ಮರುದಿನ ಜಿಲ್ಲಾ ಪುಟದಲ್ಲಿ ಬರುವ ವರದಿಯಲ್ಲಿ ಬೇಡಿಕೆಗೆ ಮೂರು ಸಾಲು, ಹೆಸರುಗಳಿಗೆ ಹದಿನಾಲ್ಕು, ಕೊನೆಗೆ 'ಇತರರು ಇದ್ದರು' ಎಂಬ ಮಂಗಳವಾಕ್ಯ. ಆ 'ಇತರರು' ಯಾರೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಬೆಳೆ ಹಾಳಾದವರು ಅವರೇ ಎಂದು ನನ್ನ ಊಹೆ. ಹೆಸರು ಬಂದವರಲ್ಲಿ ಹೊಲ ಇದ್ದವರನ್ನು ಹುಡುಕಿ ಸೋತ ಮೇಲೆ ಈ ನಿರ್ಣಯಕ್ಕೆ ಬಂದೆ.

ಪ್ರಚಾರ ಸಾಮಗ್ರಿಯ ಕೊರತೆ ಈ ಸೀಮೆಗೆ ಎಂದೂ ಇರಲಿಲ್ಲ. ಗದಗಕ್ಕೆ ಮುದ್ರಣ ಕಾಶಿ ಎಂಬ ಬಿರುದೇ ಇದೆ. ಲಗ್ನಪತ್ರಿಕೆ, ಜಾತ್ರೆಯ ಭಿತ್ತಿಪತ್ರ, ಉರುಸಿನ ಆಮಂತ್ರಣ, ಬಹುರಾಷ್ಟ್ರೀಯ ಕಂಪನಿಗಳ ವಿರುದ್ಧದ ಕರಪತ್ರ ಎಲ್ಲವೂ ಒಂದೇ ಪ್ರೆಸ್ಸಿನಲ್ಲಿ, ಅದೇ ಅಂಚುಬಳ್ಳಿಯ ಅಲಂಕಾರದೊಂದಿಗೆ ಅಚ್ಚಾಗುತ್ತವೆ. ಹೀಗಾಗಿ ಬಂಡವಾಳಶಾಹಿಗೆ ಧಿಕ್ಕಾರ ಹೇಳುವ ಕರಪತ್ರವೂ ನಮ್ಮಲ್ಲಿ 'ತಾವು ಸಹಕುಟುಂಬ ಆಗಮಿಸಿ' ಎಂಬ ಧಾಟಿಯಲ್ಲೇ ಮುಗಿಯುತ್ತದೆ. ಲಕ್ಷ್ಮೇಶ್ವರದಲ್ಲಿ, ಅಂದರೆ ಆದಿಕವಿ ಪಂಪ ಮೆಚ್ಚಿಕೊಂಡ ಪುಲಿಗೆರೆಯ ಕನ್ನಡದ ತವರಿನಲ್ಲಿ, ಪ್ರಚಾರದ ಆಟೋದ ದನಿ ಕಂಪನಿ ನಾಟಕಕ್ಕೂ ಬಂದ್ ಕರೆಗೂ ಒಂದೇ. ಮೊದಲ ಎರಡು ವಾಕ್ಯ ಕೇಳಿ ಇದು ಯಾವುದೆಂದು ಹೇಳುವುದು ಕಷ್ಟ, 'ನಗೆಹಬ್ಬ' ಎಂಬ ಶಬ್ದ ಬರುವತನಕ ಕಾಯಬೇಕು. ಬೆಟಗೇರಿಯ ನೇಕಾರರಿಗೆ ಇದ್ಯಾವುದೂ ಕೇಳಿಸುವುದಿಲ್ಲ, ಮಗ್ಗದ ಸದ್ದು ದೊಡ್ಡದು.

ಮುಖಾಂತರ ಮಾರ್ಗವನ್ನು ಒಪ್ಪದ ಪಾಷಂಡಿಗಳೂ ಚರಿತ್ರೆಯಲ್ಲಿದ್ದಾರೆ. ಅವರಲ್ಲಿ ಹಿರಿಯ ಮುಂಡರಗಿ ಭೀಮರಾಯ. 1858ರಲ್ಲಿ ಆತ ಯಾವ ಒಕ್ಕಣೆಯನ್ನೂ ಬರೆಯದೆ ಡಂಬಳದ ಸರ್ಕಾರಿ ಖಜಾನೆಗೇ ಕೈಹಾಕಿದ, ಬಳಿಕ ಕೊಪ್ಪಳ ಕೋಟೆಯಲ್ಲಿ ಇಂಗ್ಲಿಷರೊಂದಿಗೆ ಹೋರಾಡಿ ಮಡಿದ. ಈತ ಹಿಂದೆ ಬಳ್ಳಾರಿ ಸೀಮೆಯಲ್ಲಿ ತಹಶೀಲ್ದಾರಿಕೆ ಮಾಡಿದ್ದವನು ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ತಹಶೀಲ್ದಾರರ ಮುಖಾಂತರ ಹೋದದ್ದು ಎಲ್ಲಿಗೆ ಹೋಗುತ್ತದೆಂದು ಆತನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಎರಡನೆಯವರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಅವರ ರೈತ ಸಂಘಕ್ಕೆ ಬೀಜ ಬಿದ್ದದ್ದು 1980ರ ಜುಲೈಯಲ್ಲಿ ನಮ್ಮದೇ ನರಗುಂದದಲ್ಲಿ ರೈತರ ಮೇಲೆ ಹಾರಿದ ಗುಂಡುಗಳಿಂದ. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಯ ಕಡತಗಳು ರಸ್ತೆಗೆ ಬಂದು ಉರಿದವು. 1999ರಲ್ಲಿ ನೂರಾರು ರೈತರು ಹಸಿರು ಶಾಲು ಹೊದ್ದು ಯುರೋಪಿನ ಊರೂರು ಸುತ್ತಿ ಬಂದರು. ಅನ್ಯಾಯದ ವಿಳಾಸಕ್ಕೇ ಹೋಗಿ ಬಾಗಿಲು ಬಡಿದ ಪಂಥ ಇದು. ಪತ್ರಿಕೆಗಳು ಧಾರಾಳವಾಗಿ ಬರೆದವು, ಫೋಟೊಗಳೂ ಚೆನ್ನಾಗಿ ಬಂದವು.

(ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿ ರೈತನನ್ನು ಸಾವಕಾರನ ಬಡ್ಡಿಯಿಂದ ಬಿಡಿಸಲು ಹೊರಟರು. ಧಿಕ್ಕಾರವಿಲ್ಲ, ಮೆರವಣಿಗೆಯಿಲ್ಲ, ಮೂಲೆ ಹಿಡಿದು ನಿಂತ ಫೋಟೊ ಮೊದಲೇ ಇಲ್ಲ. ಆದ್ದರಿಂದ ಅದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.)

ಮುಖಾಂತರ ಮಾರ್ಗದಿಂದ ಫಲ ಸಿಕ್ಕಿದ್ದೇ ಇಲ್ಲವೆ ಎಂದು ಪೂರ್ವಪಕ್ಷದವರು ಕೇಳಬಹುದು. ಸಿಕ್ಕಿದೆ. 2010ರ ಜೂನಿನಲ್ಲಿ ಬೆಂಗಳೂರಿನಲ್ಲಿ ಜಾಗತಿಕ ಹೂಡಿಕೆದಾರರ ಸಮಾವೇಶ ನಡೆಯಿತು. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿ ಮೂವತ್ತು ಸಾವಿರ ಕೋಟಿಗೂ ಮಿಕ್ಕಿದ ಉಕ್ಕಿನ ಕಾರ್ಖಾನೆ ಹಾಕುವುದೆಂದಾಯಿತು. ಜಾಗ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತಿನ ಕರಿ ಎರೆಯ ಹೊಲಗಳು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಬೀದಿಗಿಳಿದರು, ಮೇಧಾ ಪಾಟ್ಕರ್ ಬಂದರು. 2011ರ ಜುಲೈಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ಭೂಸ್ವಾಧೀನ ಕೈಬಿಟ್ಟೆವೆಂದರು, 2013ರಲ್ಲಿ ಕಂಪನಿಯೂ ಕರ್ನಾಟಕದ ಯೋಜನೆಯಿಂದ ಹಿಂದೆ ಸರಿಯಿತು. ನ್ಯೂಯಾರ್ಕಿನಲ್ಲಿ ವಾಲ್‌ಸ್ಟ್ರೀಟ್ ಆಕ್ರಮಿಸುತ್ತೇವೆಂದು ಜನ ಕುಳಿತದ್ದು 2011ರ ಸೆಪ್ಟೆಂಬರ್ 17ರಂದು. ಅಷ್ಟರಲ್ಲಿ ಹಳ್ಳಿಗುಡಿಯವರು ಗೆದ್ದು, ಎದ್ದು, ಹೊಲಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಪ್ರಭಾವದ ಅಧ್ಯಯನ ಮಾಡುವ ಸಂಶೋಧಕರು ಈ ಅಂತರವನ್ನು ಪರಿಶೀಲಿಸಬಹುದು. ನ್ಯೂಯಾರ್ಕಿನವರು ಉಪಕಾರ ಸ್ಮರಿಸಿದಂತೆ ಕಾಣುವುದಿಲ್ಲ.

ಹಳ್ಳಿಗುಡಿಯ ಗೆಲುವಿಗೆ ಸ್ವಾಮಿಗಳ ತೂಕ ಕಾರಣ, ಜನ ಕಾರಣ, ಪತ್ರಿಕೆ ಕಾರಣ. ಇವೆಲ್ಲ ನಿಜವೇ. ಆದರೆ ಬಹಳ ಮಂದಿ ಮರೆಯುವ ಒಂದು ಸಂಗತಿಯಿದೆ. ಅಲ್ಲಿ ಸಹಿ ಹಾಕಿದವರೊಬ್ಬರಿದ್ದರು. ಹಾಕಿದವರಿಗೆ ಅಳಿಸುವ ಅಧಿಕಾರವೂ ಇತ್ತು. ಮನವಿ ಎಷ್ಟು ಮೇಜು ದಾಟಿದರೂ ಕೊನೆಗೆ ಕೂತು ಓದಬೇಕಾದ ಒಬ್ಬ ಮನುಷ್ಯ ಇದ್ದ. 2017ರ ಫೆಬ್ರವರಿಯಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡದ ರಕ್ಷಣೆಗಾಗಿ ಅದೇ ಸ್ವಾಮಿಗಳು ಮತ್ತೆ ಧರಣಿ ಕೂತಾಗಲೂ ಹಾಗೆಯೇ: ಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದ ಆದೇಶ ರದ್ದಾಗಿ ಹೋಗಿತ್ತು, ಅದು ತಿರುಗಿ ಬರಬೇಕಿತ್ತು, ಬಂತು.

ಇನ್ನು ಪ್ರಬಂಧದ ಹೃದಯಭಾಗ. ನಮ್ಮ ಸೀಮೆಯಿಂದ ಹೊರಟು ಅತಿ ಹೆಚ್ಚು ಜನರನ್ನು ತಲುಪಿದ ಆರ್ಥಿಕ ನ್ಯಾಯದ ಗ್ರಂಥ ಯಾವುದು? ಅದು ಯಾವ ಸಮಾವೇಶದ ಘೋಷಣೆಯೂ ಅಲ್ಲ, ಒಂದು ಉಳ್ಳಾಗಡ್ಡಿ ಪಟ್ಟಿ. 2022ರ ನವೆಂಬರಿನಲ್ಲಿ ಗದಗ ತಾಲ್ಲೂಕಿನ ತಿಮ್ಮಾಪುರದ ರೈತರೊಬ್ಬರು ನಾನೂರು ಕಿಲೋಮೀಟರಿಗಿಂತಲೂ ದೂರದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯಲ್ಲಿ 205 ಕಿಲೋ ಉಳ್ಳಾಗಡ್ಡಿ ಮಾರಿದರು. ದಲಾಲಿ ಅಂಗಡಿಯವರು ಬರೆದುಕೊಟ್ಟ ಪಟ್ಟಿಯ ಪಾಠ ಹೀಗಿದೆ: ಕ್ವಿಂಟಲಿಗೆ 200 ರೂಪಾಯಿಯಂತೆ 410. ಅದರಲ್ಲಿ ಲಾರಿ ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24. ರೈತನಿಗೆ ಉಳಿದದ್ದು 8 ರೂಪಾಯಿ 36 ಪೈಸೆ.

ಶಾಸನಗಳ ನಾಡಿನವರಾದ ನಾವು ಇದನ್ನು ಶಾಸನವಾಗಿಯೇ ಓದಬೇಕು. ಪಾಠಭೇದವಿಲ್ಲ, ಪ್ರಕ್ಷೇಪವಿಲ್ಲ, ಎಲ್ಲ ಪ್ರತಿಗಳಲ್ಲೂ ಕೂಡಿಸಿ ಕಳೆದರೆ ಲೆಕ್ಕ ತಾಳೆಯಾಗುತ್ತದೆ. ಇಷ್ಟು ಶುದ್ಧ ಪಾಠ ಲಕ್ಕುಂಡಿಯ ಶಾಸನಗಳಲ್ಲಿಯೂ ಅಪರೂಪ. 64 ಪೈಸೆಯ ಸೂಕ್ಷ್ಮತೆಯನ್ನು ನೋಡಿ: ಪೈಸೆ ಚಲಾವಣೆಯಿಂದ ಮಾಯವಾಗಿ ಎಷ್ಟೋ ಕಾಲವಾದರೂ ಬಾಡಿಗೆ ಕಡಿಯುವಾಗ ಅದು ಬದುಕಿ ಬಂದಿದೆ. ರಚನೆಯಲ್ಲಿ ಒಂದೇ ಕೊರತೆ. ಲಕ್ಷ್ಮೇಶ್ವರದಲ್ಲಾಗಲಿ ಮತ್ತೆಲ್ಲೇ ಆಗಲಿ ದಾನಶಾಸನದ ಕೊನೆಗೆ, ಇದನ್ನು ಕೆಡಿಸಿದವರಿಗೆ ಎಂಥ ಪಾಪ ಸುತ್ತಿಕೊಳ್ಳುತ್ತದೆಂಬ ಶಾಪದ ವಾಕ್ಯವಿರುತ್ತದೆ. ಪಟ್ಟಿಯಲ್ಲಿ ಅದಿಲ್ಲ. ಶಾಪ ಹಾಕೋಣವೆಂದರೆ ಯಾರಿಗೆ? ಲಾರಿಯವನಿಗೆ ಡೀಸೆಲ್ ಬೇಕು. ಹಮಾಲನ 24 ರೂಪಾಯಿಯ ಮೇಲೆ ಕಣ್ಣು ಹಾಕುವುದು ಪಾಪ. ಮಳೆ ಹೆಚ್ಚಾಗಿ ಗಡ್ಡೆ ಸಣ್ಣದಾಗಿತ್ತು, ಪುಣೆ ಮತ್ತು ತಮಿಳುನಾಡಿನ ದಪ್ಪ ಗಡ್ಡೆ ಪಕ್ಕದಲ್ಲೇ ಇತ್ತು ಎನ್ನುತ್ತವೆ ವರದಿಗಳು. ಅಲ್ಲಿದ್ದ ಪ್ರತಿಯೊಬ್ಬರೂ ತಮ್ಮ ನ್ಯಾಯದ ಪಾಲನ್ನಷ್ಟೇ ತೆಗೆದುಕೊಂಡರು. ಆಮೇಲೆ ನೋಡಿದರೆ 8 ರೂಪಾಯಿ 36 ಪೈಸೆ.

ಪಟ್ಟಿಯ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಟಿ.ವಿ.ಯವರು ಬಂದರು, ದಿಲ್ಲಿಯ ಇಂಗ್ಲಿಷ್ ಪತ್ರಿಕೆಗಳೂ ಬರೆದವು. ವರದಿಗಳ ಪ್ರಕಾರ ಆ ರೈತನ ಉದ್ದೇಶ ಜಗತ್ತನ್ನು ಎಚ್ಚರಿಸುವುದಾಗಿರಲೇ ಇಲ್ಲ, ನಮ್ಮ ಕಡೆಯವರು ಮಾಲು ಹೇರಿಕೊಂಡು ಬೆಂಗಳೂರಿಗೆ ಹೋಗಬೇಡಿರೆಂದು ಹೇಳುವುದಷ್ಟೇ ಆಗಿತ್ತು. ನಮ್ಮ ಪ್ರಚಾರ ತಜ್ಞರು ಜಗತ್ತನ್ನು ಉದ್ದೇಶಿಸಿ ಬರೆದದ್ದು ಗದಗದ ಮುಳಗುಂದ ನಾಕಾ ದಾಟುವುದಿಲ್ಲ. ಈತ ಓಣಿಯವರಿಗೆ ಬರೆದದ್ದು ಜಗತ್ತನ್ನು ಮುಟ್ಟಿತು. ಮುಟ್ಟಿ ಏನಾಯಿತು ಎಂದರೆ, ಎಲ್ಲರೂ ಅಯ್ಯೋ ಎಂದರು. ದರದ ವಿಷಯದಲ್ಲಿ ಮಾತ್ರ ಮನವಿ ಯಾರಿಗೆಂದು ಬರೆಯುವುದು? ದರಕ್ಕೆ ಸಹಿ ಇಲ್ಲ, ಮೊಹರಿಲ್ಲ, ಅದರ ಕಚೇರಿಯ ಮುಂದೆ ಪೆಂಡಾಲ್ ಹಾಕೋಣವೆಂದರೆ ಕಚೇರಿಯೇ ಇಲ್ಲ.

ಇಲ್ಲಿಗೆ ಪ್ರಬಂಧವನ್ನು ಮುಗಿಸಿ ಗೌರವ ಡಾಕ್ಟರೇಟಿಗೆ ಕಾಯಬಹುದಿತ್ತು. ಆದರೆ ಮರುವರ್ಷ ಒಂದು ಬಾಧಕ ಪ್ರಮಾಣ ಎದುರಾಯಿತು. 2023ರ ಆಗಸ್ಟಿನಲ್ಲಿ ಪೇಟೆಯವರಿಗೆ ಉಳ್ಳಾಗಡ್ಡಿ ತುಟ್ಟಿಯಾಗುವ ಸೂಚನೆ ಕಂಡದ್ದೇ ಕೇಂದ್ರ ಸರ್ಕಾರ ರಫ್ತಿನ ಮೇಲೆ ಶೇಕಡಾ 40 ಸುಂಕ ಹಾಕಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿತು. ಅದು ತೆರವಾದದ್ದು 2024ರ ಮೇ ತಿಂಗಳಲ್ಲಿ, ಅದೂ ಸುಂಕವನ್ನು ಜೊತೆಗಿಟ್ಟುಕೊಂಡೇ. ಅಂದರೆ ದರಕ್ಕೆ ಕಚೇರಿ ಇತ್ತು, ಕುರ್ಚಿ ಇತ್ತು, ರಾಜಪತ್ರ ಇತ್ತು, ಸಹಿ ಹಾಕುವ ಕೈ ಇತ್ತು. ದರ ಇಳಿದಾಗ ಹೊರಗೆ ಹೋಗಿದ್ದ ಸಾಹೇಬರು ದರ ಏರಿದಾಗ ಕುರ್ಚಿಯಲ್ಲೇ ಸಿಕ್ಕರು. ಆದೇಶ ಹೊರಡಿಸಲು ಅವರಿಗೆ ಯಾರ ಮುಖಾಂತರವೂ ಬೇಕಾಗಲಿಲ್ಲ. ಕೆಳಗಿನಿಂದ ಮೇಲೆ ಹೋಗುವುದಕ್ಕಷ್ಟೇ ಮುಖಾಂತರ, ಮೇಲಿನಿಂದ ಕೆಳಗೆ ಬರುವುದು ನೇರ ಎಂಬ ಉಪಸಿದ್ಧಾಂತವನ್ನು ಇಲ್ಲಿ ಸೇರಿಸಿಕೊಳ್ಳಬೇಕು.

ವಿಳಾಸ ಸಿಕ್ಕಮೇಲೆ ಪ್ರಚಾರದ ಯೋಜನೆ ಸುಲಭ. ಮುಂದಿನ ಸಲ ದರ ಬಿದ್ದಾಗ ಮನವಿಯನ್ನು ದಿಲ್ಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ, ಪಟ್ಟಿಯ ಪ್ರತಿ ಲಗತ್ತಿಸಿ, ನೇರವಾಗಿ ಕಳಿಸತಕ್ಕದ್ದು. ವೆಚ್ಚವನ್ನು ರೈತನ ಲಾಭದಿಂದಲೇ ಭರಿಸಬಹುದೆಂದು ತೋರಿಸಿಕೊಡಲು ಸಂತೋಷವಾಗುತ್ತದೆ: ಸಾದಾ ಅಂಚೆ ಲಕೋಟೆಗೆ 5 ರೂಪಾಯಿ, ಝೆರಾಕ್ಸಿಗೆ 2 ರೂಪಾಯಿ. ಉಳಿದ 1 ರೂಪಾಯಿ 36 ಪೈಸೆಯನ್ನು ಪತ್ರಿಕಾಗೋಷ್ಠಿಯ ಚಹಾಕ್ಕೆ ಬಳಸಬಹುದೇ ಎಂಬ ಬಗ್ಗೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕು ಘಟಕಗಳಲ್ಲಿ ಒಮ್ಮತ ಮೂಡಿಲ್ಲ. ಮುಂಡರಗಿಯವರು ಮಿರ್ಚಿಯೂ ಬೇಕೆನ್ನುತ್ತಿದ್ದಾರೆ.