ತಿಂಡಿ ಕೌಂಟರ್ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವರು ಆರಂಭದಲ್ಲೇ ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಸಂಪ್ರದಾಯ: ಓದಲು ಅಧಿಕಾರಿ ಯಾರು, ವಿಷಯವೇನು, ಸಂಬಂಧವೇನು, ಪ್ರಯೋಜನವೇನು. ಸಂಪ್ರದಾಯ ಮುರಿಯುವ ಧೈರ್ಯ ನನಗಿಲ್ಲ. ದರ್ಶಿನಿಯ ಕ್ಯಾಶ್ ಕೌಂಟರಿನ ಮುಂದೆ ನಿಂತು, ಮೇಲಿನ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೂ ಓದಿ, ಆಮೇಲೆ ‘ಇಡ್ಲಿ ವಡೆ’ ಎನ್ನುವವನೇ ಅಧಿಕಾರಿ. ಅವನು ಬೇರೇನನ್ನೂ ಯಾಕೆ ಕೇಳಲಿಲ್ಲ ಎಂಬುದು ವಿಷಯ. ಅವನು ನಾನೇ ಆಗಿರುವುದು ಸಂಬಂಧ. ಪ್ರಯೋಜನ ಇನ್ನೂ ಗೊತ್ತಾಗಿಲ್ಲ.

ಜಿಜ್ಞಾಸೆ ಹುಟ್ಟಿದ್ದು ಆಫೀಸಿನ ಒಂದು ತರಬೇತಿಯಲ್ಲಿ. ಬಂದಿದ್ದ ತರಬೇತುದಾರರು ಬಿಳಿ ಬೋರ್ಡಿನ ಮೇಲೆ ವೃತ್ತವೊಂದನ್ನು ಎಳೆದು, ‘ಇದು ನಿಮ್ಮ ಕಂಫರ್ಟ್ ಝೋನ್’ ಎಂದರು. ವೃತ್ತದ ಹೊರಗೆ, ಬಲು ದೂರದಲ್ಲಿ, ಒಂದು ನಕ್ಷತ್ರ ಬರೆದು, ‘ಸಾಧನೆ ಇರೋದು ಇಲ್ಲಿ’ ಎಂದರು. ಹತ್ತು ಗಂಟೆಗೆ ತಿಂಡಿಗೆ ಬಿಟ್ಟರು. ಇಡ್ಲಿ, ಪೊಂಗಲ್, ಶಾವಿಗೆ ಉಪ್ಪಿಟ್ಟು ಮೂರೂ ಇದ್ದವು. ಅವರು ನೆಟ್ಟಗೆ ಇಡ್ಲಿ ಪಾತ್ರೆಯ ಹತ್ತಿರ ಹೋಗಿ, ‘ನಂಗೆ ಇದೇ ಸೇಫು’ ಎಂದರು.

ಈಗ ಪೂರ್ವಪಕ್ಷ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದವರು ಕನ್ನಡಿಗರೇ. ‘ಇರಲಾರದೆ ಇರುವೆ ಬಿಟ್ಟುಕೊಂಡರು’ ಎಂದವರೂ ಅವರೇ. ಗಾದೆಗಳ ಓಟು ಎಣಿಸಿದರೆ ಸಾಹಸಕ್ಕೆ ಠೇವಣಿಯೂ ಉಳಿಯುವುದಿಲ್ಲ. ಇನ್ನು ಕೂಪಮಂಡೂಕ ಎಂದು ಬೈಯುವವರು ಒಮ್ಮೆಯಾದರೂ ಬಾವಿಯೊಳಗೆ ಇಣುಕಿದ್ದಾರೆಯೇ? ಅಲ್ಲಿ ನೀರಿದೆ, ನೆರಳಿದೆ, ಬಾಡಿಗೆಯಿಲ್ಲ. ಹೊರಗೆ ಬಂದು ಜಗತ್ತು ನೋಡಿದ ಕಪ್ಪೆಯ ಗತಿಯನ್ನು ಮಳೆಗಾಲದಲ್ಲಿ ರಿಂಗ್ ರೋಡಿನ ಮೇಲೆ ಯಾರು ಬೇಕಾದರೂ ನೋಡಬಹುದು. ಆದ್ದರಿಂದ ಇಡ್ಲಿಯೇ ಸನಾತನ, ಇಡ್ಲಿಯೇ ಗತಿ.

ಸಿದ್ಧಾಂತಿ ಇದನ್ನು ಕೇಳಿ ನಗುತ್ತಾನೆ. ನೀನು ಸನಾತನವೆಂದು ನಂಬಿರುವ ಇಡ್ಲಿಯೇ ಎಷ್ಟು ಸಲ ದಾರಿ ಬಿಟ್ಟಿದೆ ನೋಡು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಬರುತ್ತದೆ. 1025ರ ಸುಮಾರಿಗೆ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಮಾಡುವ ಕ್ರಮವನ್ನೇ ಕೊಡುತ್ತಾನೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಬೇಕು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಬೇಕು. ಅದರ ಮುಂದಿನ ಶತಮಾನದ ‘ಮಾನಸೋಲ್ಲಾಸ’ದಲ್ಲಿಯೂ ಉದ್ದಿನದೇ ಕಾರುಬಾರು. ಅಕ್ಕಿಯ ಸುದ್ದಿಯೇ ಇಲ್ಲ. ಅಂದಮೇಲೆ ಯಾವಳೋ ಒಬ್ಬ ಮಹಾತಾಯಿ ಒಂದು ದಿನ ಉದ್ದಿನ ಹಿಟ್ಟಿಗೆ ಅಕ್ಕಿ ಬೆರೆಸಿರಲೇಬೇಕು. (ಆ ಬೆಳಿಗ್ಗೆ ಅತ್ತೆ ಏನೆಂದರೋ, ಯಾವ ಶಾಸನವೂ ಹೇಳುವುದಿಲ್ಲ.) ಅವಳಿಗೆ ಆ ಧೈರ್ಯ ಎಲ್ಲಿಂದ ಬಂತು? ಉದ್ದಿನ ಡಬ್ಬಿಯ ತಳ ಕಂಡಿತ್ತು ಎಂಬುದು ನನ್ನ ಅನುಮಾನ. ಬರೀ ಅನುಮಾನವೇ ಎಂದು ಮೂಗು ಮುರಿಯಬೇಡಿ, ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನವೂ ಒಂದು ಪ್ರಮಾಣ.

ಪ್ರತ್ಯಕ್ಷಕ್ಕೆ ಹತ್ತಿರದ ಪ್ರಮಾಣವೇ ಬೇಕೆಂದರೆ ರವೆ ಇಡ್ಲಿ ಇದೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಜಪಾನಿನ ಸೇನೆ ಬರ್ಮಾವನ್ನು ಹಿಡಿಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬೆಂಗಳೂರಿನ ಎಂಟಿಆರ್‌ ಅಡುಗೆಮನೆಯಲ್ಲಿ ಅಕ್ಕಿಯ ಜಾಗಕ್ಕೆ ರವೆ ಹಾಕಿ ನೋಡಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂದು ಆ ಮನೆಯವರೇ ಹೇಳುತ್ತಾರೆ. ವೃತ್ತದಿಂದ ಹೊರಗೆ ಬನ್ನಿ ಎಂದು ಅಡುಗೆಯವರಿಗೆ ಯಾರೂ ಭಾಷಣ ಮಾಡಿರಲಿಲ್ಲ. ಮೂಟೆ ಖಾಲಿಯಾಗಿತ್ತು, ಅಷ್ಟೆ. ಇದರಿಂದ ಸೂತ್ರ: ‘ಧೈರ್ಯಸ್ಯ ಮೂಲಂ ಡಬ್ಬಿಶೂನ್ಯತಾ.’ ವ್ಯಾಕರಣದ ತಪ್ಪು ಹಿಡಿಯುವವರು ದಯವಿಟ್ಟು ಮೊದಲು ತಿಂಡಿ ಮುಗಿಸಿಕೊಂಡು ಬನ್ನಿ.

ಆಕ್ಷೇಪ: ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟು ತಂದು ಚಂದ್ರದ್ರೋಣದ ಬೆಟ್ಟದಲ್ಲಿ ನೆಟ್ಟರು ಎಂಬ ಪ್ರತೀತಿಯಿದೆಯಲ್ಲ, ಅವರ ಯಾವ ಡಬ್ಬಿ ಖಾಲಿಯಾಗಿತ್ತು? ಸಮಾಧಾನ: ಚಿಕ್ಕಮಗಳೂರಿನಲ್ಲಿ ಆಗ ಕಾಫಿ ಡಬ್ಬಿಯೇ ಇರಲಿಲ್ಲ. ಡಬ್ಬಿಯ ಅಭಾವ ಡಬ್ಬಿ ಖಾಲಿಯಾಗುವುದಕ್ಕಿಂತ ಘೋರವಾದದ್ದು. ಸಿದ್ಧಾಂತಕ್ಕೆ ಬಾಧೆಯಿಲ್ಲ.

ಇನ್ನು ಅಭಾವವಿಲ್ಲದ ಕಾಲದಲ್ಲಿ ಮನುಷ್ಯ ಏನು ಮಾಡುತ್ತಾನೆ? ಅಪಾಯವನ್ನು ಚೂರು ಮಾಡಿಕೊಳ್ಳುತ್ತಾನೆ. ಈ ವಿದ್ಯೆಯಲ್ಲಿ ಬೆಂಗಳೂರನ್ನು ಮೀರಿಸಿದ ಊರಿಲ್ಲ. ಕಾಫಿ ಕೆಟ್ಟಿದ್ದರೆ ಅರ್ಧ ಮಾತ್ರ ಕೆಟ್ಟಿರಲಿ ಎಂದು ‘ಬೈ ಟು’ ಕಂಡುಹಿಡಿದವರು ನಾವು. ಖಾರಾ ಬಾತೋ ಕೇಸರಿ ಬಾತೋ ಎಂಬ ಧರ್ಮಸಂಕಟಕ್ಕೆ ಎರಡನ್ನೂ ಒಂದೇ ತಟ್ಟೆಯಲ್ಲಿ ಕೂರಿಸಿ ‘ಚೌಚೌ ಬಾತ್’ ಎಂದು ಹೆಸರಿಟ್ಟವರೂ ನಾವೇ. ಇದಕ್ಕಿಂತ ದೊಡ್ಡ ವಿಮಾ ಪಾಲಿಸಿ ನನಗೆ ತಿಳಿದಿಲ್ಲ.

ಹಳೆಯ ಹೋಟೆಲುಗಳಲ್ಲಿ ಪರಿಸ್ಥಿತಿ ಇಷ್ಟು ಕಠಿಣವಾಗಿರಲಿಲ್ಲ. ಕೂತುಕೊಂಡು ‘ಏನಿದೆಯಪ್ಪಾ ಬಿಸಿ?’ ಎಂದರೆ ಮಾಣಿ ಒಂದೇ ಉಸಿರಿಗೆ ಪಟ್ಟಿ ಒಪ್ಪಿಸಿ, ‘ಬನ್ಸ್ ಈಗ ಇಳಿದದ್ದು, ತಗೊಳ್ಳಿ’ ಎನ್ನುತ್ತಿದ್ದ. ಹೊಸ ತಿಂಡಿ ಕೈಕೊಟ್ಟರೆ ಬೈಯಲು ಒಬ್ಬ ಮನುಷ್ಯನಿದ್ದ. ಎಂಬತ್ತರ ದಶಕದಲ್ಲಿ ದರ್ಶಿನಿಗಳು ಬಂದ ಮೇಲೆ ತಿನ್ನುವ ಮೊದಲೇ ದುಡ್ಡು ಕೊಡಬೇಕು, ನಿಂತೇ ತಿನ್ನಬೇಕು, ತಪ್ಪಿದರೆ ತಪ್ಪೆಲ್ಲ ತನ್ನದೇ. ಸಾಲದ್ದಕ್ಕೆ ಕ್ಯಾಶಿನಲ್ಲಿ ಕೂತ ಹುಡುಗನಿಗೆ ನಮ್ಮ ಮುಖ ಪರಿಚಯ. ದೂರದಿಂದ ಕಂಡ ಕೂಡಲೇ ಇಡ್ಲಿ ವಡೆ ಬಿಲ್ ಒತ್ತಿ ಚೀಟಿ ಹರಿದಿರುತ್ತಾನೆ. ಈಗ ‘ಇಲ್ಲಪ್ಪ, ಇವತ್ತು ಸೆಟ್ ದೋಸೆ’ ಎಂದರೆ ಬಿಲ್ ಕ್ಯಾನ್ಸಲ್ ಮಾಡಬೇಕು, ಅದಕ್ಕೆ ಒಳಗಿನಿಂದ ಮಾಲೀಕರು ಬಂದು ಕೀಲಿ ತಿರುಗಿಸಬೇಕು, ಹಿಂದಿನ ಸಾಲು ನಿಟ್ಟುಸಿರು ಬಿಡಬೇಕು. ಒಂದು ಸೆಟ್ ದೋಸೆಗೋಸ್ಕರ ಇಷ್ಟು ಜನರನ್ನು ನೋಯಿಸುವುದುಂಟೆ? ನನ್ನ ಅಭಿಪ್ರಾಯದಲ್ಲಿ ವೃತ್ತವನ್ನು ಎಳೆಯುವುದು ಭಯವಲ್ಲ, ದಾಕ್ಷಿಣ್ಯ. ಆ ತರಬೇತುದಾರರ ಬೋರ್ಡಿನಲ್ಲಿ ದಾಕ್ಷಿಣ್ಯಕ್ಕೆ ಜಾಗವೇ ಇರಲಿಲ್ಲ.

ಸಿದ್ಧಾಂತ ಪ್ರಯೋಗದಿಂದ ಸಿದ್ಧವಾಗಬೇಕು. ಕಳೆದ ತಿಂಗಳು ಅದೂ ತಾನಾಗಿಯೇ ಒದಗಿಬಂತು. ‘ಇಡ್ಲಿ ಖಾಲಿ ಸಾರ್, ಇನ್ನೊಂದು ಒಬ್ಬೆ ಇಳಿಯೋಕೆ ಇಪ್ಪತ್ತು ನಿಮಿಷ’ ಎಂದ ಹುಡುಗ. ಬೋರ್ಡು ನೋಡಿದೆ. ದಿನವೂ ಪಾರಾಯಣ ಮಾಡಿದ್ದ ಬೋರ್ಡು ಅಂದು ಮೊದಲ ಸಲ ಅರ್ಥವಾಗತೊಡಗಿತು. ಹಿಂದೆ ಏಳು ಜನ. ಬೆನ್ನು ಬೆವೆತಿತು. ಡಬ್ಬಿಶೂನ್ಯತೆಯಿಂದ ಧೈರ್ಯ ಉಕ್ಕಿ ಬಂದು, ಬಾಯಿ ತಾನಾಗಿ ನುಡಿಯಿತು: ‘ಒಂದು ರವೆ ಇಡ್ಲಿ.’

ಮನೆಗೆ ಬಂದು ಹೆಂಡತಿಗೆ ಸಾಹಸವನ್ನು ವಿಸ್ತಾರವಾಗಿ ವರ್ಣಿಸಿದೆ. ‘ಅದೂ ಇಡ್ಲಿನೇ ಅಲ್ವೇನ್ರೀ’ ಎಂದಳು. ಪ್ರಬಂಧಕ್ಕೆ ಇದುವರೆಗೆ ಬಂದಿರುವ ವಿಮರ್ಶೆ ಇದೊಂದೇ, ಖಂಡಿಸಲು ಪ್ರಮಾಣ ಸಿಕ್ಕಿಲ್ಲ.

ಆದಕಾರಣ ಎರಡನೆಯ ಹಂತದ ಪ್ರಯೋಗ ಅನಿವಾರ್ಯ. ಬೋರ್ಡಿನ ಕೆಳತುದಿಯಲ್ಲಿ ‘ಪನೀರ್ ಸ್ಪ್ರಿಂಗ್ ದೋಸೆ’ ಎಂದು ಬರೆದಿದೆ. ಅದನ್ನು ಯಾರಾದರೂ ತಿನ್ನುವುದನ್ನು ನಾನು ಈವರೆಗೆ ಕಂಡಿಲ್ಲ. ಜೊತೆಗೆ ಒಬ್ಬರು ಬೇಕಾಗಿದ್ದಾರೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ, ಬೈ ಟು ಮಾಡಿಕೊಳ್ಳೋಣ. ಚೆನ್ನಾಗಿಲ್ಲದಿದ್ದರೆ ದೊಡ್ಡ ಅರ್ಧ ನಿಮಗೆ.