ಹೇಳಿ ಕೇಳಿ ಓಡಿಹೋದವರು

ನಮ್ಮ ಮಗಳು ತಾನು ಓಡಿಹೋಗುವ ದಿನವನ್ನು ನಮಗೆ ಹತ್ತು ತಿಂಗಳು ಮುಂಚೆ ತಿಳಿಸಿದಳು. 2023ರ ಸೆಪ್ಟೆಂಬರ್ 21, ಗುರುವಾರ, ಬೆಳಿಗ್ಗೆ ಆರೂ ಮುಕ್ಕಾಲು. ಫೋನಿನ ಕ್ಯಾಲೆಂಡರಿಗೆ ಆಹ್ವಾನ ಬಂದಿತ್ತು. ಕೆಳಗೆ ಮೂರು ಗುಂಡಿಗಳು: ಬರುತ್ತೇನೆ, ಬರುವುದಿಲ್ಲ, ನೋಡೋಣ. ಹೆತ್ತ ಮಗಳು ಓಡಿಹೋಗುವುದಕ್ಕೆ ‘ನೋಡೋಣ’ ಒತ್ತಿದ ಅಪ್ಪ ನಾನೊಬ್ಬನೇ ಇರಬೇಕು.

“ಎಲೋಪ್ ಅಂದ್ರೆ ಓಡಿಹೋಗೋದು ತಾನೇ ರೀ?” ಎಂದಳು ನನ್ನಾಕೆ.

“ಹೌದು.”

“ಯಾರ ಜೊತೆ?”

“ಅದೇ, ಅವನ ಜೊತೆ.”

ಅವನು ಅಂದರೆ ನೆಬ್ರಾಸ್ಕಾದ ಹುಡುಗ. ನಾಲ್ಕು ವರ್ಷದಿಂದ ಡೆನ್ವರ್ ಪಕ್ಕದ ನಮ್ಮ ಮನೆಗೆ ಬಂದು ಹೋಗುತ್ತಿದ್ದ. ಹುಳಿಯಲ್ಲಿದ್ದ ಹಸಿಮೆಣಸಿನಕಾಯನ್ನು ಹುರುಳಿಕಾಯಿ ಎಂದು ಅಗಿದು, ಕಣ್ಣಲ್ಲಿ ನೀರು ಸುರಿಸುತ್ತಲೇ ‘ತುಂಬಾ ಚೆನ್ನಾಗಿದೆ ಆಂಟಿ’ ಎಂದ ದಿನವೇ ನನ್ನಾಕೆ ಅವನನ್ನು ಅಳಿಯನೆಂದು ಮನಸ್ಸಿನಲ್ಲೇ ಗೊತ್ತು ಮಾಡಿಬಿಟ್ಟಿದ್ದಳು. ಹಾಗಾಗಿ ಅವಳ ಪ್ರಶ್ನೆ ನ್ಯಾಯವಾದದ್ದೇ. “ನಾವು ಒಪ್ಪಿ ಆಯ್ತಲ್ಲ, ಇನ್ನು ಓಡೋದು ಯಾಕೆ? ಅಟ್ಟಿಸ್ಕೊಂಡು ಹೋಗೋರು ಯಾರು?”

ಸಂಜೆ ಮಗಳು ಬಂದು ಸಮಾಧಾನ ಹೇಳಿದಳು. “ಅಮ್ಮಾ, ಈಗ ಎಲೋಪ್‌ಮೆಂಟ್ ಅಂದ್ರೆ ಓಡಿಹೋಗೋದಲ್ಲ. ಚಿಕ್ಕ ಮದುವೆ, ಅಷ್ಟೇ. ಬೆಟ್ಟ, ಕೆರೆ, ನಾವಿಬ್ರು, ಹತ್ತಿರದೋರು.”

“ಹತ್ತಿರದೋರು ಅಂದ್ರೆ ಎಷ್ಟು?”

“ಹತ್ತು.”

ಕನ್ನಡ ಭಾಷೆಗೇ ಇರುವ ಶ್ಲೇಷೆ ಇದು, ಅವಳಿಗೆ ಅದರ ಅರಿವಿರಲಿಲ್ಲ. ಆ ಹತ್ತರಲ್ಲಿ ಗಂಡು ಹೆಣ್ಣು ಸೇರಿ ಎರಡು. ಫೋಟೋದವನೂ ಲೆಕ್ಕಕ್ಕೆ ಬರುತ್ತಾನೆ, ಮೂರು. ಹುಡುಗನ ಅಪ್ಪ, ಅಮ್ಮ, ತಂಗಿ. ನಾನು, ನನ್ನಾಕೆ, ನಮ್ಮ ಮಗ. ಒಂಬತ್ತಾಯಿತು. ಉಳಿದ ಒಂದು ಜಾಗಕ್ಕೆ ನನ್ನಾಕೆ ದಾವಣಗೆರೆಯ ತನ್ನಕ್ಕನ ಹೆಸರು ಹೇಳಿದಳು. ನಾನು ನನ್ನ ಚಿಕ್ಕಪ್ಪನ ಹೆಸರು ಹೇಳಿದೆ. ಮಗಳು, “ಅದು ಪ್ಲಾನರ್‌ಗೆ” ಎಂದಳು. ಓಡಿಹೋಗಲು ಪ್ಲಾನರ್! ಆಕೆ ಕಳಿಸಿದ ಪಟ್ಟಿ ನನ್ನ ಹತ್ತಿರ ಈಗಲೂ ಇದೆ. ಬೆಳಗಿನ ಜಾವ ಮೂರೂವರೆಗೆ ತಲೆಬಾಚುವುದರಿಂದ ಹಿಡಿದು ಏಳೂ ಹತ್ತಕ್ಕೆ ‘ಸಹಜವಾಗಿ ನಗುವುದು’ ತನಕ ಎಲ್ಲಕ್ಕೂ ನಿಮಿಷ ಬರೆದಿದ್ದಳು.

ಆ ರಾತ್ರಿ ನನ್ನಾಕೆ ಕರೆಂಟು ಬಿಲ್ಲಿನ ಲಕೋಟೆ ಹಿಂದೆ ನಿಜವಾದ ಹತ್ತಿರದವರ ಪಟ್ಟಿ ಬರೆಯಲು ಕೂತಳು. ಲಕೋಟೆ ಮುಗಿಯಿತು. ನೂರ ಅರವತ್ತನಾಲ್ಕಕ್ಕೆ ನಿಲ್ಲಿಸಿ, “ಇವ್ರೆಲ್ಲ ತೀರಾ ಒಳಗಿನೋರು ಮಾತ್ರ” ಎಂದು ನಿಟ್ಟುಸಿರು ಬಿಟ್ಟಳು.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಕುವೆಂಪು ಅವರ ಮಂತ್ರಮಾಂಗಲ್ಯ ಓದಿ ತಲೆ ಕೆಡಿಸಿಕೊಂಡಿದ್ದ ಮೈಸೂರಿನ ಹುಡುಗ ನಾನು. 1966ರಲ್ಲಿ ಅವರ ಮಗ ತೇಜಸ್ವಿಯವರು ಆ ಕ್ರಮದಲ್ಲಿ ಸರಳವಾಗಿ ಮದುವೆಯಾದ ಹಾಗೆ ನಾನೂ ಆಗಬೇಕೆಂದು ಹಾಸ್ಟೆಲ್ ಗೆಳೆಯರ ಮುಂದೆ ಎಷ್ಟೋ ಸಲ ಘೋಷಿಸಿದ್ದೆ. 1993ರಲ್ಲಿ ಅಪ್ಪನ ಮುಂದೆ ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ. ಛತ್ರದಲ್ಲಿ ಸಾವಿರದ ಇನ್ನೂರು ಜನ ಉಂಡರು. ನನಗೆ ಪರಿಚಯವಿದ್ದವರು ನಲವತ್ತು. ಚಪ್ಪಲಿ ಕಳೆಯಿತು. ನನ್ನ ಕ್ರಾಂತಿ ವರದಕ್ಷಿಣೆ ಬೇಡ ಎನ್ನುವಲ್ಲಿಗೆ ಬಂದು ನಿಂತಿತು, ವಾಚು ಮಾತ್ರ ತೆಗೆದುಕೊಂಡೆ. ಆದ್ದರಿಂದ ಮಗಳ ಪರವಾಗಿ ವಾದಿಸುವ ಹೊಣೆ ನನ್ನದೇ ಆಯಿತು, ವಾಚನ್ನು ತೋಳಿನ ಒಳಕ್ಕೆ ತಳ್ಳಿಕೊಂಡು.

“ಬೆಟ್ಟದಲ್ಲಿ ಓಡಿಹೋಗೋದು ಇವರೇನು ಹೊಸದಾಗಿ ಕಂಡುಹಿಡಿದದ್ದಲ್ಲ ಕಣೆ” ಎಂದೆ. “ಅರ್ಜುನ ಸುಭದ್ರೆಯನ್ನ ರಥಕ್ಕೆ ಹತ್ತಿಸಿಕೊಂಡಿದ್ದು ರೈವತಕ ಪರ್ವತದ ಉತ್ಸವದಲ್ಲೇ. ಪ್ಲಾನರ್ ಸಾಕ್ಷಾತ್ ಶ್ರೀಕೃಷ್ಣ. ರುಕ್ಮಿಣಿ ಅಂತೂ ಯಾವ ದಿನ, ಯಾವ ಗುಡಿಗೆ ಬರ್ತೀನಿ ಅಂತ ಬ್ರಾಹ್ಮಣನ ಕೈಲಿ ಮೊದಲೇ ಹೇಳಿಕಳಿಸಿದ್ದಳು.”

“ಸುಭದ್ರೆ ವಿಷಯ ಬಲರಾಮನಿಗೆ ಹೇಳಿರ್ಲಿಲ್ಲ. ಆಮೇಲೆ ಎಷ್ಟು ರಂಪ ಆಯ್ತು ಗೊತ್ತು ತಾನೇ?” ಎಂದಳು. ಬಲರಾಮ ಎಂದರೆ ದಾವಣಗೆರೆಯ ಅಕ್ಕ.

ಇನ್ನು ಕೊಲರಾಡೋದ ಕಾನೂನು. ಓಡಿಹೋಗುವವರಿಗೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಪುರೋಹಿತರು ಬೇಡ, ಪಾದ್ರಿ ಬೇಡ, ನ್ಯಾಯಾಧೀಶರು ಬೇಡ. ತಮ್ಮ ಮದುವೆಯನ್ನು ತಾವೇ ಮಾಡಿಸಿಕೊಂಡು ತಾವೇ ಸಹಿ ಹಾಕಬಹುದು. ಕೌಂಟಿ ಕಚೇರಿಯಲ್ಲಿ 30 ಡಾಲರ್ ಕಟ್ಟಿದರೆ ಲೈಸೆನ್ಸ್ ಕೈಗೆ ಬರುತ್ತದೆ. 35 ದಿನದೊಳಗೆ ಮದುವೆಯಾಗಬೇಕು, ಆದಮೇಲೆ 63 ದಿನದೊಳಗೆ ಆ ಕಾಗದ ವಾಪಸು ಕೊಡಬೇಕು, ಲೈಬ್ರರಿ ಪುಸ್ತಕದ ಹಾಗೆ. ಸಾಕ್ಷಿ ಕಡ್ಡಾಯವಲ್ಲ. ಕಡ್ಡಾಯವಲ್ಲದ ಆ ಖಾಲಿ ಜಾಗದಲ್ಲಿ ಇಲ್ಲಿಯ ಎಷ್ಟೋ ಜೋಡಿಗಳು ತಮ್ಮ ನಾಯಿಯ ಪಂಜಕ್ಕೆ ಮಸಿ ಹಚ್ಚಿ ಒತ್ತಿಸುತ್ತಾರೆ. ನಮ್ಮವರಿಗೂ ಒಂದು ಲ್ಯಾಬ್ರಡಾರ್ ಇತ್ತು.

“ಅಪ್ಪ ಅಮ್ಮನ ಸಹಿ ಬೇಡ, ನಾಯಿ ಹೆಬ್ಬೆಟ್ಟು ಬೇಕು” ಎಂದಳು ನನ್ನಾಕೆ. “ಅಗ್ನಿಸಾಕ್ಷಿ ಹೋಗಿ ನಾಯಿಸಾಕ್ಷಿ ಬಂತು.”

ಸರ್ಕಾರ ಇಷ್ಟು ಸಡಿಲ ಬಿಟ್ಟದ್ದನ್ನು ಪಾರ್ಕಿನವರು ಬಿಗಿ ಮಾಡಿದ್ದರು. ಜಾಗ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಸ್ಪ್ರೇಗ್ ಲೇಕ್. ಎದುರಿಗೆ ಹ್ಯಾಲೆಟ್ ಶಿಖರ, ಪಕ್ಕದಲ್ಲಿ ಫ್ಲ್ಯಾಟ್‌ಟಾಪ್ ಪರ್ವತ, ಗಾಳಿ ಏಳುವ ಮುಂಚೆ ಹೋದರೆ ಎರಡೂ ನೀರಲ್ಲಿ ತಲೆಕೆಳಗಾಗಿ ಕಾಣುತ್ತವೆ. ‘ನಿಸರ್ಗದ ಮಡಿಲು’ ಎಂದು ಪ್ಲಾನರ್ ಬರೆದಿದ್ದಳು. ಹಿಂದೆ ಅಬ್ನರ್ ಸ್ಪ್ರೇಗ್ ಎಂಬಾತ ತನ್ನ ವಸತಿಗೃಹಕ್ಕೆ ಬರುವವರು ಮೀನು ಹಿಡಿಯಲಿ ಎಂದು ಒಡ್ಡು ಕಟ್ಟಿ ನಿಲ್ಲಿಸಿದ ನೀರು ಅದು, ಅಪ್ಪಟ ಕೆರೆ. ನಮ್ಮ ಕಡೆಯ ಪಾಳೇಗಾರರು ಮಾಡಿದ್ದೂ ಅದನ್ನೇ, ಮೀನಿನ ಮಾತೊಂದು ಬಿಟ್ಟು. ಮದುವೆಯ ಪರವಾನಗಿಗೆ 300 ಡಾಲರ್, ಜೊತೆಗೆ ನಿಯಮಗಳು. ತಲೆ ಎಣಿಕೆ ಮೀರಬಾರದು. ಅಕ್ಕಿ ಎರಚಬಾರದು, ಹೂವಿನ ಎಸಳೂ ಉದುರಿಸಬಾರದು. ನಾಯಿಯನ್ನು ಕಾಲುದಾರಿಗೆ ತರಬಾರದು, ಪಾರ್ಕಿಂಗ್ ತನಕ ಮಾತ್ರ. ತಿನ್ನುವ ವಸ್ತುವನ್ನು ಕಾರಿನಲ್ಲಿ ಬಿಟ್ಟುಹೋಗಬಾರದು, ಕರಡಿ ಬಾಗಿಲು ಕಿತ್ತು ತಿನ್ನುತ್ತದೆ.

ಈ ಕೊನೆಯದನ್ನು ಕೇಳಿ ನನ್ನಾಕೆ, “ಕರಡಿಗಾದ್ರೂ ಹೋಳಿಗೆ ಊಟ ಇದೆ, ನಮ್ಮಕ್ಕಂಗಿಲ್ಲ” ಎಂದಳು.

ಯಾರಿಗೂ ಹೇಳಬಾರದೆಂದಿದ್ದ ಮದುವೆಯ ಗುಟ್ಟು ರಟ್ಟಾದದ್ದು ನಮ್ಮ ಮನೆಯಿಂದ ಎಂದು ಮಗಳು ಇವತ್ತಿಗೂ ನಂಬಿದ್ದಾಳೆ. ಅರ್ಧ ಸತ್ಯ. ಜುಲೈನಲ್ಲಿ ಒಂದು ಭಾನುವಾರ ನೆಬ್ರಾಸ್ಕಾದ ಬೀಗಿತ್ತಿ ಫೋನ್ ಮಾಡಿದರು. ಅಲ್ಲಿಯವರೆಗೆ ಆಕೆಯೂ ನನ್ನಾಕೆಯೂ ಪರಸ್ಪರ ನಕ್ಕಿದ್ದೇ ಹೆಚ್ಚು, ಮಾತಾಡಿದ್ದು ಕಮ್ಮಿ. ಅವತ್ತು ಒಂದೂವರೆ ಗಂಟೆ ಮಾತಾಡಿದರು. ಆಕೆಗೆ ಮೂವರು ತಂಗಿಯರು, ಊರಿನ ಚರ್ಚಿನಲ್ಲಿ ಹುಡುಗನನ್ನು ಎತ್ತಿ ಆಡಿಸಿದ ಮುದುಕಿಯರು ಒಂದು ಡಜನ್. ಹೇಳದೆ ಮದುವೆ ಮಾಡಿದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಖ ತೋರಿಸುವ ಹಾಗಿಲ್ಲ ಎಂದು ಅತ್ತರಂತೆ.

ಫೋನಿಟ್ಟ ನನ್ನಾಕೆಯ ಮುಖದಲ್ಲಿ ಬೆಳಕು. “ಅಮೆರಿಕದೋರು ಅಂದ್ರೆ ಒಂಟಿ ಪಿಶಾಚಿಗಳ ಹಾಗಿರ್ತಾರೆ ಅಂತ ಯಾರ್ರೀ ಹೇಳಿದ್ದು? ಥೇಟ್ ನಮ್ ಹಾಸನದ ಅತ್ತೆ ಮಾತಾಡಿದ ಹಾಗಿತ್ತು.”

ಅವರಿಬ್ಬರೂ ಸೇರಿ ಕಂಡುಹಿಡಿದ ಸಂಗತಿ ಇಷ್ಟು. ಪರವಾನಗಿ ಹತ್ತು ಜನಕ್ಕೆ. ಆದರೆ ಉದ್ಯಾನ ಸಾರ್ವಜನಿಕರದು. ಕೆರೆಗೆ ಹೋಗುವ ದಾರಿಗೆ ಬೇಸಿಗೆಯಿಂದ ಅಕ್ಟೋಬರ್ ತನಕ ಗಂಟೆ ಗೊತ್ತುಮಾಡಿ ಮುಂಗಡ ಬುಕ್ ಮಾಡಿದವರನ್ನಷ್ಟೇ ಬಿಡುತ್ತಾರೆ, ಆದರೆ ಬೆಳಿಗ್ಗೆ ಐದರೊಳಗೆ ಗೇಟು ದಾಟಿದವರನ್ನು ಯಾರೂ ಕೇಳುವುದಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಮದುವೆಗೆ ಹೊರಡುವುದನ್ನು ನಮ್ಮವರಿಗೆ ಯಾರಾದರೂ ಹೇಳಿಕೊಡಬೇಕೇ? ನೆಬ್ರಾಸ್ಕಾದ ಜೋಳದ ಹೊಲದವರಿಗೂ ಅದು ಹೊಸದಲ್ಲ.

ಇತ್ತ ಮೈಸೂರಿನಲ್ಲಿ ನನ್ನಮ್ಮ. ಎಂಬತ್ತನಾಲ್ಕು ವರ್ಷ. ಒಂಟಿಕೊಪ್ಪಲ್ ಪಂಚಾಂಗ ಮಡಿಲಲ್ಲಿಟ್ಟುಕೊಂಡೇ ಫೋನ್ ಎತ್ತಿದ್ದಳು.

“ಭಾದ್ರಪದದಲ್ಲಿ ಯಾರೋ ಮದುವೆ ಮಾಡ್ತಾರೆ? ಗಣೇಶನ ಹಬ್ಬ ಆಗಿ ಮೂರು ದಿನಕ್ಕೆ. ಆಮೇಲೆ ನೋಡಿದ್ರೆ ಪಕ್ಷಮಾಸ.”

“ಎಲೆ ಹಳದಿ ಆಗೋದು ಆಗಲೇ ಅಮ್ಮ. ಅದು ಚೆನ್ನಾಗಿರುತ್ತಂತೆ.”

“ಯಾವ ಎಲೆ? ವೀಳ್ಯದೆಲೆನಾ?”

ಆಸ್ಪೆನ್ ಎಂಬ ಮರವನ್ನು ಮೈಸೂರಿಗೆ ವಿವರಿಸುವುದು ಸುಲಭವಲ್ಲ, ಮಾತು ತಿರುಗಿಸಿದೆ. ಸ್ವಲ್ಪ ಹೊತ್ತು ಹಾಳೆ ಮಗುಚುವ ಸದ್ದು. “ಅಲ್ಲಿ ಬೆಳಿಗ್ಗೆ ಆರೂ ಮುಕ್ಕಾಲು ಅಂದ್ರೆ ಇಲ್ಲಿ ಎಷ್ಟು ಗಂಟೆ?”

“ಸಾಯಂಕಾಲ ಆರೂ ಕಾಲು.”

“ಅಯ್ಯೋ ದಡ್ಡ, ಮೊದಲೇ ಹೇಳ್ಬಾರ್ದಾ! ಗೋಧೂಳಿ ಕಣೋ ಅದು. ಗೋಧೂಳಿ ಲಗ್ನಕ್ಕೆ ಯಾವ ದೋಷಾನೂ ಇಲ್ಲ.” ಪಂಚಾಂಗ ಪಟ್ಟೆಂದು ಮುಚ್ಚಿತು. ಸೂರ್ಯ ಅಲ್ಲಿ ಮುಳುಗುವ ಹೊತ್ತಿಗೇ ಇಲ್ಲಿ ಏಳುತ್ತಿದ್ದ. ಹನ್ನೊಂದೂವರೆ ಗಂಟೆಯ ವ್ಯತ್ಯಾಸ ಇಷ್ಟು ವರ್ಷದಲ್ಲಿ ನಮ್ಮ ಸಂಸಾರಕ್ಕೆ ಮಾಡಿದ ಉಪಕಾರ ಅದೊಂದೇ.

ಮದುವೆಯ ಹಿಂದಿನ ರಾತ್ರಿ ಎಸ್ಟಿಸ್ ಪಾರ್ಕ್ ಊರಿನ ಬಾಡಿಗೆ ಮನೆಯಲ್ಲಿ ನಿದ್ದೆ ಯಾರಿಗೂ ಇಲ್ಲ. ಏಳೂವರೆ ಸಾವಿರ ಅಡಿ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. ಹೋಳಿಗೆಯ ಹೂರಣಕ್ಕೆಂದು ನನ್ನಾಕೆ ಕುಕ್ಕರ್ ಹೊತ್ತು ತಂದಿದ್ದಳು. ಅದು ಹನ್ನೊಂದು ಗಂಟೆಗೆ ಕೂಗಿದಾಗ ಹೊರಗಿನಿಂದ ಏನೋ ಉತ್ತರ ಕೊಟ್ಟಿತು. ಎಲ್ಕ್. ಕಡವೆಯ ದಾಯಾದಿ ಎನ್ನಬಹುದಾದ ಪ್ರಾಣಿ; ಸೆಪ್ಟೆಂಬರ್ ಬಂತೆಂದರೆ ಗಂಡುಗಳು ಹೆಣ್ಣನ್ನು ಕರೆಯುತ್ತ ಊರ ತುಂಬ ಓಡಾಡುತ್ತವೆ. ಎಣ್ಣೆ ಕಾಣದ ಗೇಟಿನ ಕೀರಲು, ಕೊನೆಗೆ ಗುಟುರು. “ವಾಲಗ ಇಲ್ಲ ಅಂತ ಕೊರಗ್ತಿದ್ಯಲ್ಲ, ಕೊಂಬೂ ಅದರದೇ, ಕಹಳೆಯೂ ಅದರದೇ” ಎಂದೆ. ಅವಳು ನಗಲಿಲ್ಲ, ಕುಕ್ಕರ್ ಎಷ್ಟನೇ ಸಲ ಕೂಗಿತೆಂದು ಲೆಕ್ಕ ತಪ್ಪಿತ್ತು.

ಬೆಳಿಗ್ಗೆ ಎರಡು ಡಿಗ್ರಿ ಚಳಿ. ಮುಹೂರ್ತದ ಸೀರೆಯ ಒಳಗೆ ಉಣ್ಣೆಯ ಪೈಜಾಮ, ಹುಡುಗನ ಪಂಚೆಯೊಳಗೆ ಜೀನ್ಸ್. ಕನ್ಯಾದಾನ ಬೇಡ, ತಾನೇನು ದಾನ ಕೊಡುವ ಸಾಮಾನಲ್ಲ ಎಂದು ಮಗಳು ಮೊದಲೇ ಹೇಳಿದ್ದಳು, ಅದೂ ಸರಿಯೇ. ಧಾರೆ ಎರೆಯಬೇಕಿದ್ದ ಕೈಗೆ ಬೇರೆ ಕೆಲಸವಿಲ್ಲದೆ ಪಾರ್ಕಿಂಗಿನಲ್ಲಿ ಸಾಕ್ಷಿದಾರನ ಹಗ್ಗ ಹಿಡಿದು ನಿಂತೆ. ಆರೂವರೆಗೆ ಪ್ಲಾನರ್‌ಗೆ ಕರುಣೆ ಬಂದು ಹಗ್ಗ ತಾನು ತೆಗೆದುಕೊಂಡಳು. ನಮ್ಮ ಚಿಕ್ಕಪ್ಪನ ಜಾಗ ತಿಂದವಳು ಕೊನೆಗೂ ಮದುವೆ ನೋಡಲಿಲ್ಲ.

ಕೆರೆ ಕನ್ನಡಿಯ ಹಾಗಿತ್ತು. ಆಚೆ ದಡದ ಮಬ್ಬಿನಲ್ಲಿ ಬೆಳಗಿನ ಚೆಲುವು ನೋಡಲು ಬಂದ ಕೆಲವು ಪ್ರವಾಸಿಗರು ನಿಂತಿದ್ದರು. ಅವರಲ್ಲಿ ಇಬ್ಬರ ತಲೆಯ ಮೇಲೆ ಕೌಬಾಯ್ ಟೋಪಿ. ಒಬ್ಬಾಕೆಯ ಜಾಕೆಟ್ ಕೆಳಗಿಂದ ಒಂದು ಗೇಣು ಜರಿಯಂಚು. ನ್ಯೂಜೆರ್ಸಿಯಲ್ಲಿರುವ ದಾವಣಗೆರೆ ಅಕ್ಕನ ಸೊಸೆ, ಅತ್ತೆಯ ಪ್ರತಿನಿಧಿ. ಮಗಳು ಆ ಕಡೆ ಒಮ್ಮೆ ನೋಡಿದಳು, ಅಮ್ಮನ ಕಡೆ ಒಮ್ಮೆ ನೋಡಿದಳು. ನನ್ನಾಕೆ ಹ್ಯಾಲೆಟ್ ಶಿಖರವನ್ನು ಬಹಳ ಆಸಕ್ತಿಯಿಂದ ಗಮನಿಸುತ್ತಿದ್ದಳು.

ಹುಡುಗ ಜೇಬಿನಿಂದ ಚೀಟಿ ತೆಗೆದು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಕನ್ನಡ ಓದಿದ. “ನಾನು ಯಾವತ್ತೂ ನಿನ್ನ ಕಾಯಿ ಬಿಡುವುದಿಲ್ಲ.” ಕೈ ಎನ್ನಬೇಕಿತ್ತು ಪಾಪ. ಅಳುತ್ತಿದ್ದ ನನ್ನಾಕೆಗೆ ಅದರ ಮಧ್ಯೆಯೇ ನಗು ಬಂತು. ಬೀಗಿತ್ತಿ ಅದನ್ನು ಏನೆಂದುಕೊಂಡರೋ, ತಾವೂ ಸೇರಿಕೊಂಡರು. ತಾಳಿ ಕಟ್ಟಿದ ಗಳಿಗೆಯಲ್ಲಿ ನನ್ನಾಕೆಯ ಬಲಗೈ ತಾನಾಗಿ ಮೇಲೆದ್ದು ಅರ್ಧಕ್ಕೆ ನಿಂತಿತು. ಬಿಗಿಮುಷ್ಟಿ. ಡೆನ್ವರಿನಿಂದ ಕಟ್ಟಿಕೊಂಡು ಬಂದಿದ್ದ ಅಕ್ಷತೆ. ಒಂದು ಕಾಳೂ ಬೀಳಿಸಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ಪಾಲಿಸಿದ ಮೊದಲ ನಿಯಮ.

ಪಾರ್ಕಿಂಗಿಗೆ ವಾಪಸು ಬಂದು ನಾಯಿಯ ಪಂಜ ಒತ್ತಿಸಿದ್ದಾಯಿತು. ಆ ಪಂಜ ಮೊದಲು ಕಾಗದದ ಮೇಲೆ, ಆಮೇಲೆ ನನ್ನ ರೇಷ್ಮೆ ಪಂಚೆಯ ಮೇಲೆ.

ಮೇಲೆ ಫೋನಿಗೆ ಸಿಗ್ನಲ್ ಇರಲಿಲ್ಲ. ಎಸ್ಟಿಸ್ ಪಾರ್ಕಿಗೆ ಇಳಿದದ್ದೇ ಜೇಬು ಗುಂಯ್‌ಗುಟ್ಟತೊಡಗಿತು. ಮೈಸೂರಿನಿಂದ ಒಂದು ಚಿತ್ರ ಬಂದಿತ್ತು. ನಡುಮನೆಯಲ್ಲಿ ಅಮ್ಮ, ಕೈಯಲ್ಲಿ ಅಕ್ಷತೆ ಬಟ್ಟಲು, ಎದುರಿಗೆ ಸ್ಟೂಲಿನ ಮೇಲೆ ಮಗಳ ಫೋಟೋ. ಅವಳ ಹಿಂದೆ ಬಾಳೆಲೆಯ ಸಾಲು, ಸಾಲಿನ ಹಿಂದೆ ಇನ್ನೊಂದು ಸಾಲು, ಬಾಗಿಲಾಚೆ ಅಂಗಳದಲ್ಲಿ ಶಾಮಿಯಾನದ ಕೆಂಪು ಅಂಚು. ಎಲೆ ಮುಂದೆ ಕೂತವರ ನಡುವೆ ದಾವಣಗೆರೆಯ ಅಕ್ಕ, ನನ್ನ ಚಿಕ್ಕಪ್ಪ.

ತಕ್ಷಣ ಫೋನ್ ಮಾಡಿದೆ. “ಇದೇನಮ್ಮ ಇದು? ಯಾರಿಗೂ ಹೇಳಬೇಡ ಅಂದಿದ್ನಲ್ಲ? ಹತ್ತೇ ಜನ ಅಂದಿದ್ನಲ್ಲ?”

“ಹತ್ತು ಜನ ಅಲ್ಲಿಗೆ ತಾನೇ?” ಅಮ್ಮನ ಧ್ವನಿಯ ಹಿಂದೆ ಯಾರೋ ಪಾಯಸಕ್ಕೆ ಕೂಗುತ್ತಿದ್ದರು. “ನಿಮ್ಮ ಪಾರ್ಕಿನೋರು ಇಲ್ಲಿಗೆ ಬಂದು ಎಣಿಸ್ತಾರೇನೋ? ಫೋನಿಡು, ಎರಡನೇ ಪಂಕ್ತಿ ಕೂರಿಸ್ಬೇಕು.”