ಬುಲೆಟ್ಟಿನ ಕೆಮ್ಮು

"ಏರಲ್ಲಿ ಮಾತ್ರ ಬಡ್ಕೊಳುತ್ತಾ, ನಿಂತಾಗ್ಲೂನಾ ಸಾರ್?" ಮೆಕ್ಯಾನಿಕ್ ಕೇಳಿದ ಧಾಟಿ ಥೇಟ್ ಡಾಕ್ಟರದ್ದು.

ಚಾಮುಂಡಿ ಬೆಟ್ಟದ ಏರಿನಲ್ಲಿ ಟಾಪ್ ಗೇರಿನಲ್ಲೇ ಎಕ್ಸಿಲರೇಟರ್ ತಿರುವಿದರೆ ನನ್ನ ಪಾಯಿಂಟ್ ಕಾಲದ ಬುಲೆಟ್ಟು ಡಬ್ಬಿಯೊಳಗಿನ ಗೋಲಿಗಳಂತೆ ಕಿಣಿಕಿಣಿ ಎನ್ನುತ್ತಿತ್ತು. ನಿಂತಲ್ಲೂ ಟಿಕಟಿಕ ಎಂದರೆ ಟ್ಯಾಪೆಟ್ಟಂತೆ. ಭಾರ ಬಿದ್ದಾಗ ಮಾತ್ರವಾದರೆ ನಾಕಿಂಗು.

"ಟೈಮಿಂಗ್ ಮುಟ್ಟಿದ್ರಾ?"

ಮುಟ್ಟಿದ್ದೆ. ಭಾನುವಾರ, ಬೇರೆ ಕೆಲಸವಿರಲಿಲ್ಲ. ಕಿಡಿ ಬೇಗ ಹಾರಿದರೆ ಗಾಡಿಯೂ ಬೇಗ ಓಡೀತು ಎಂಬ ತರ್ಕ. ಏದುಸಿರು ಬಿಡುತ್ತ ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಗೆ ಅವಸರದಲ್ಲಿ ಬೆಂಕಿ ಹಚ್ಚಿದರೆ ಅದು ಸುಮ್ಮನಿದ್ದೀತೆ? ಕಿಕ್ ಹೊಡೆದಾಗ ತಿರುಗಿ ಒದ್ದಿತ್ತು, ಇನ್ನೂ ಕುಂಟುತ್ತಿದ್ದೆ.

ಅವರು ಪ್ಲಗ್ ಬಿಚ್ಚಿ, ತೂತಿಗೆ ಸೈಕಲ್ ಕಡ್ಡಿ ಇಳಿಸಿ, ಪಿಸ್ಟನ್ ಇನ್ನು 0.8 ಮಿಲಿಮೀಟರ್ ಏರಿದರೆ ತುದಿ ಎನ್ನುವಲ್ಲಿ ನಿಲ್ಲಿಸಿದರು. ಪಾಯಿಂಟಿನ ತುಟಿಗಳ ನಡುವೆ ಸಿಗರೇಟಿನ ತೆಳುಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಪ್ಲೇಟು ತಿರುಗಿಸಿದರು. ಕಾಗದ ಸಡಿಲವಾಗಿ ಜಾರಿತು. ಅದೇ ಕಿಡಿಯ ಮುಹೂರ್ತ! ಸ್ಕ್ರೂ ಬಿಗಿದರು.

"ಎಷ್ಟಾಯ್ತು?"

"ಇನ್ನೂರು ಸಾರ್. ನಿಮ್ಮ ಸ್ಕ್ರೂಡ್ರೈವರ್ ಇಲ್ಲೇ ಬಿಟ್ಟು ಹೋದ್ರೆ ನೂರು."